ವಿಜಯನಗರದ ಕಾಲುವೆಗಳು

ಬೆಂಗಳೂರಿನ ಪಡುವಣ ಭಾಗದಲ್ಲಿ ವಿಜಯನಗರವೆಂಬ ಬಡಾವಣೆಯುಂಟು. ಅದರ ಮಗ್ಗುಲಲ್ಲಿಯೇ ಹಂಪಿನಗರವೂ ಉಂಟು. ಅಲ್ಲಿಯ ಮಕ್ಕಳು ‘ರಾಜಕಾಲುವೆ’ ಎಂಬ ಮಾತನ್ನು ಚೆನ್ನಾಗಿ ಬಲ್ಲರು. ಆದರೆ ಅವರು ಬಲ್ಲ ರಾಜಕಾಲುವೆಯು ಮೂಗು ಮುಚ್ಚಿಕೊಂಡು ದಾಟತಕ್ಕ ಚರಂಡಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕೊಳೆಯನ್ನು ಹೊತ್ತು ಅದು ವೃಷಭಾವತಿಯನ್ನು ಸೇರುವುದು. ಕೆಂಗೇರಿಯವರು ಆ ಹೊಳೆಯನ್ನು ವಾಸನೆಯಿಂದಲೇ ಗುರುತಿಸುವರು. ಕೆರೆಯಿಂದ ಕೆರೆಗೆ ಮಳೆಯ ನೀರನ್ನೊಯ್ಯುತ್ತಿದ್ದ ಹಿರಿಯ ಕಾಲುವೆಗೆ ಒಂದು ಕಾಲದಲ್ಲಿ ಈ ಹೆಸರು ಸಲ್ಲುತ್ತಿತ್ತೆಂದರೆ ಮಕ್ಕಳು ನಂಬುವುದು ಕಷ್ಟ. ನಂಬಿಸಬೇಕಾದರೆ ಅವರನ್ನು ರಾತ್ರಿಯ ರೈಲಿನಲ್ಲಿ ಹೊಸಪೇಟೆಗೆ ಕರೆದೊಯ್ದು, ಊರು ದಾಟಿದ ಮೇಲೆ, ಗದ್ದೆಗಳ ನಡುವೆ, ಹಳೆಯ ವಿಜಯನಗರದ ಕಾಲುವೆಯ ದಂಡೆಯ ಮೇಲೆ ನಿಲ್ಲಿಸಬೇಕು.

ಹಂಪೆಗೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಕಲ್ಲನ್ನು. 2017ರಿಂದ ಐವತ್ತು ರೂಪಾಯಿಯ ಹೊಸ ನೋಟಿನ ಮೇಲಿರುವ ಕಲ್ಲಿನ ತೇರು, ಕಮಲಮಹಲು, ಆನೆಯ ಲಾಯ, ಇಷ್ಟಕ್ಕೆ ಮಧ್ಯಾಹ್ನವಾಗುತ್ತದೆ. ಮಕ್ಕಳಿಗೆ ಬಿಸಿಲು, ಬಾಯಾರಿಕೆ; ‘ಎಲ್ಲವನ್ನೂ ಯಾರು ಒಡೆದರು?’ ಎಂಬ ಒಂದೇ ಪ್ರಶ್ನೆ. 1565ರ ರಕ್ಕಸ-ತಂಗಡಗಿಯ ಕಾಳಗವನ್ನೂ ರಾಮರಾಯನ ಸಾವನ್ನೂ ಹೇಳಿದರೆ ಕಥೆ ಮುಗಿಯಿತು. ಆ ಸೋಲಿನಿಂದ ಅರಮನೆಗಳು ಹಾಳಾದುವು, ಪೇಟೆಗಳು ಬರಿದಾದುವು, ಕಾಲುವೆಯಾದರೋ ನಿಲ್ಲಲಿಲ್ಲ. ರಾಜಧಾನಿಯಲ್ಲಿ ಇಂದಿಗೂ ತನ್ನ ಕೆಲಸವನ್ನು ಮಾಡುತ್ತಿರುವ ವಸ್ತುಗಳಲ್ಲಿ ದೇವರ ಗುಡಿಯನ್ನು ಬಿಟ್ಟರೆ ಇದೇ ಮುಖ್ಯವಾದುದು. ಹುಡುಗರಿಗೆ ಮೊದಲು ತೋರಿಸತಕ್ಕದ್ದೂ ಇದನ್ನೇ.

ತುಂಗಭದ್ರೆಯು ಅಲ್ಲಿ ಬಂಡೆಗಳ ನಡುವೆ ಹತ್ತಾರು ಕವಲಾಗಿ ಹರಿಯುತ್ತದೆ. ವಿಜಯನಗರದ ಕಾಲದವರು ಹೊಳೆಗೆ ಅಡ್ಡವಾಗಿ ಒಂದೇ ದೊಡ್ಡ ಗೋಡೆಯನ್ನೆಬ್ಬಿಸಲು ಹೋಗಲಿಲ್ಲ. ಇದ್ದ ಬಂಡೆಗಳನ್ನೂ ನಡುಗಡ್ಡೆಗಳನ್ನೂ ಕಲ್ಲಿನ ಕಟ್ಟೆಗಳಿಂದ ಒಂದಕ್ಕೊಂದು ಬೆಸೆದರು. ಹೊಳೆ ತುಂಬಿದಾಗ ಹೆಚ್ಚಿನ ನೀರು ಕಟ್ಟೆಯ ತಲೆಯ ಮೇಲೆ ಹಾದುಹೋಗುವುದು. ಇಳಿದಾಗ ಉಳಿದ ನೀರು ಕಾಲುವೆಯ ಕಡೆಗೆ ತಿರುಗುವುದು. ಇಂಥ ಅಣೆಗಳಿಂದ ಹೊರಟ ಹತ್ತಕ್ಕೂ ಮಿಕ್ಕಿದ ಕಾಲುವೆಗಳಲ್ಲಿ ಹಂಪೆಯನ್ನು ನೋಡುವವರು ಕಾಣುವುದು ತುರ್ತು ಕಾಲುವೆ. ಹಿರಿಯ ಕಾಲುವೆಯೆಂದೂ ಇದಕ್ಕೆ ಹೆಸರು. ಗುಡಿಗಳಿರುವ ಹೊಳೆಯ ದಂಡೆಗೂ ಅರಮನೆಯ ಪ್ರದೇಶಕ್ಕೂ ನಡುವೆ ಇರುವ ಕಣಿವೆಯನ್ನು ಇದು ಹಸುರಾಗಿಟ್ಟಿದೆ. ಭತ್ತ, ಕಬ್ಬು, ಬಾಳೆ ಇಂದಿಗೂ ಅಲ್ಲಿ ಬೆಳೆಯುತ್ತವೆ. ರಾಜಧಾನಿಯ ನಟ್ಟನಡುವೆ ಗದ್ದೆಯನ್ನಿರಿಸಿಕೊಂಡ ಅರಸರು ಮುತ್ತಿಗೆಯ ದಿನಗಳ ಅನ್ನವನ್ನು ನೆನೆದಿರಬೇಕು. ಕಣಿವೆಯಲ್ಲಿ ನೀರನ್ನೆತ್ತಲು ಯಂತ್ರವಿಲ್ಲ. ನೆಲದ ಇಳಿಜಾರೇ ಎಲ್ಲವನ್ನೂ ನಡೆಸುತ್ತದೆ. ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪುಗಳು ಎತ್ತಿ ತಂದ ಕಾವೇರಿಯ ನೀರನ್ನು ನಲ್ಲಿಯಲ್ಲಿ ಹಿಡಿಯುವ ಮನೆಯ ಮಕ್ಕಳಿಗೆ ಇದು ಸೋಜಿಗವೇ ಸರಿ.

ಕಾಲುವೆಯನ್ನು ಕಂಡ ಮೇಲೆ ಕಲ್ಲುಗಳೂ ಬೇರೆಯಾಗಿ ಕಾಣತೊಡಗುತ್ತವೆ. ಕಮಲಾಪುರದಿಂದ ಬರುವ ದಾರಿಯ ಬದಿಯಲ್ಲಿ ನೀರಿನ ತೋಡೊಂದರ ಇಕ್ಕೆಲದಲ್ಲಿಯೂ ಕಲ್ಲಿನ ತಟ್ಟೆಗಳ ಸಾಲುಂಟು. ಅನ್ನಕ್ಕೊಂದು ಕುಳಿ, ವ್ಯಂಜನಗಳಿಗೆ ಚಿಕ್ಕ ಕುಳಿಗಳು. ಇದನ್ನು ಭೋಜನಶಾಲೆಯೆನ್ನುವರು. ಇದರ ಮುಂದೆ ಕುಳಿತು ‘ಇದು ಸಾರಿಗೆ, ಇದು ಪಲ್ಯಕ್ಕೆ’ ಎಂದು ಹಂಚಿಕೊಳ್ಳದ ಮಗುವಿಲ್ಲ. ಅರಮನೆಯ ಆವರಣದಲ್ಲಿ ಕಲ್ಲುಕಂಬಗಳ ಮೇಲೆ ನೀರನ್ನೊಯ್ದ ತೊಟ್ಟಿಯ ಸಾಲಿದೆ; ಅದರ ಹತ್ತಿರವೇ 1980ರ ದಶಕದ ಅಗೆತದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಣಿ. ಅದರ ಕಲ್ಲುಗಳ ಮೇಲೆ, ಯಾವ ಕಲ್ಲು ಎಲ್ಲಿ ಕೂಡಬೇಕೆಂದು ಕಲ್ಲುಕುಟಿಗರು ಕೊರೆದಿಟ್ಟ ಗುರುತುಗಳಿವೆ. ಹುಡುಕಲು ಹೇಳಿದರೆ ಹುಡುಗರು ಅರ್ಧ ತಾಸು ಅಲ್ಲಾಡರು. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕನು ಅರಮನೆಯ ಬಳಿ ನುಣುಪಾದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಬರೆದಿಟ್ಟಿರುವನು. ಉಗ್ರನರಸಿಂಹನ ನೆರೆಯಲ್ಲಿರುವ ಬಡವಿಲಿಂಗದ ಪೀಠಕ್ಕೆ ಕಾಲುವೆಯ ನೀರೇ ಅಭಿಷೇಕ. ವಿರೂಪಾಕ್ಷನ ಗುಡಿಯ ಅಡಿಗೆಮನೆಗೂ ಹೊಳೆಯ ನೀರು ತೋಡಿನಲ್ಲಿ ಹರಿದು ಬರುತ್ತಿತ್ತು. ದೊಡ್ಡ ಕಾಲುವೆಗಳ ದಂಡೆಯಲ್ಲಿ ಮಾತ್ರ ಮಕ್ಕಳ ಕೈಯನ್ನು ಬಿಡಬಾರದು. ನೀರು ಆಳ, ಸೆಳೆತವೂ ಹೆಚ್ಚು.

ಹೇಳಲು ಹಿಂಜರಿಯುವಂಥ ಸಂಗತಿಯೂ ಒಂದುಂಟು. ಕೃಷ್ಣದೇವರಾಯನು ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದುದನ್ನು ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು 1520ರ ಸುಮಾರಿಗೆ ಕಣ್ಣಾರೆ ಕಂಡನು. ಅದು ಹೊಸಪೇಟೆಯ ಬಳಿಯದೆಂದು ವಿದ್ವಾಂಸರ ಮತ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುಸುಕಿ ದುಡಿಯುತ್ತಿದ್ದರಂತೆ. ಏರಿ ಎರಡು ಮೂರು ಸಲ ಒಡೆಯಿತು. ಆಗ ಅರುವತ್ತು ಮಂದಿ ಮನುಷ್ಯರನ್ನೂ ಕೆಲವು ಕುದುರೆ ಕೋಣಗಳನ್ನೂ ಬಲಿ ಕೊಡಿಸಿದರೆಂದು ಅವನು ಬರೆಯುತ್ತಾನೆ. ಅವನ ಬಳಿಕ ಬಂದ ನೂನಿಜನು ಮರಣದಂಡನೆಗೆ ತಕ್ಕವರನ್ನು ಕೊಂದರೆಂದು ಹೇಳಿ, ಅದೇ ಕೆರೆಯ ಕೆಳಗೆ ಸಾಗುವಳಿಗಿಳಿದವರಿಗೆ ಒಂಬತ್ತು ವರುಷ ಕಂದಾಯವನ್ನು ಬಿಟ್ಟಿದ್ದನ್ನೂ ಹೇಳುತ್ತಾನೆ. ಇದನ್ನು ಮಕ್ಕಳಿಂದ ಮುಚ್ಚಿಡುವವರುಂಟು. ಹತ್ತು ಹನ್ನೆರಡು ವಯಸ್ಸಿನವರಿಗೆ ಹೇಳುವುದೇ ಮೇಲು. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ಅವರು ಅಜ್ಜಿಯ ಬಾಯಿಂದ ಕೇಳಿಯೇ ಇರುತ್ತಾರೆ. ಕಂದಾಯದ ಮಾಫಿ, ಅರುವತ್ತು ತಲೆ, ಎರಡೂ ಒಬ್ಬನೇ ದೊರೆಯ ಕಾಲದವು; ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಚರಿತ್ರೆಯಾಗದು.

ಅರಸುಗಳು ಅಳಿದ ಮೇಲೆ ಕಾಲುವೆಗಳನ್ನು ಉಳಿಸಿದವರು ಹೂಳೆತ್ತಿದ ರೈತರು, ಸರದಿಯಂತೆ ನೀರು ಬಿಟ್ಟ ನೀರಗಂಟಿಗಳು. ಅವರ ಹೆಸರು ಯಾವ ಶಾಸನದಲ್ಲಿಯೂ ಹುಡುಕಿದರೆ ಸುಲಭವಾಗಿ ಸಿಗದು. 1953ರಲ್ಲಿ ತುಂಗಭದ್ರೆಯ ಹೊಸ ಅಣೆಕಟ್ಟು ತುಂಬಿದಾಗ ಹಳೆಯ ಅಣೆಗಳಲ್ಲಿ ಕೆಲವು ಮುಳುಗಿದುವು. ಕೃಷ್ಣದೇವರಾಯನ ಕಾಲದ ವಲ್ಲಭಾಪುರದ ಅಣೆಯೂ ಅವುಗಳಲ್ಲಿ ಒಂದು. ರಾಯ, ಬಸವಣ್ಣ ಕಾಲುವೆಗಳಿಗೆ ಅಲ್ಲಿಂದಾಚೆಗೆ ನೀರು ಜಲಾಶಯದ ತೂಬಿನಿಂದ ಬರುತ್ತದೆ. 2024ರ ಆಗಸ್ಟಿನಲ್ಲಿ ಆ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ ಕೆಳಗಿನ ಬಯಲು ಒಂದು ವಾರ ಉಸಿರು ಬಿಗಿಹಿಡಿದಿತ್ತು. ಈಚಿನ ವರುಷಗಳಲ್ಲಿ ಹಳೆಯ ಕಾಲುವೆಗಳ ಒಳಮೈಗೆ ಕಾಂಕ್ರೀಟು ಬಳಿಯುವ ಕೆಲಸ ನಡೆದಿದೆ. ಸೋರಿಕೆ ತಗ್ಗುವುದು ನಿಜ, ಹಳೆಯ ಕಲ್ಲಿನ ಕೆಲಸ ಮರೆಯಾಗುವುದೂ ನಿಜ. ಹೊಸಪೇಟೆಯ ಪೇಟೆಯೊಳಗೆ ಹಾಯುವಲ್ಲಿ ಕಾಲುವೆಗೆ ಮನೆಗಳ ಕಸವೂ ಬೀಳುತ್ತಿದೆ. ಬೆಂಗಳೂರಿನಿಂದ ಹೋದ ಮಕ್ಕಳು ಆ ವಾಸನೆಯನ್ನು ಕೂಡಲೆ ಗುರುತಿಸುವರು.