ವರ್ಚುವಲ್ ಮಷಿನ್‌ನಲ್ಲಿ ನೆಟ್ ಬರುತ್ತಿಲ್ಲವೇ? ಫೈರ್‌ವಾಲ್ ಆಫ್ ಮಾಡುವ ಮುನ್ನ ಐಪಿ ವಿಳಾಸ ನೋಡಿ

‘ವರ್ಚುವಲ್ ಮಷಿನ್‌ನಲ್ಲಿ ನೆಟ್ ಬರುತ್ತಿಲ್ಲವೇ? ಫೈರ್‌ವಾಲ್ ಆಫ್ ಮಾಡಿ, ಅಡಾಪ್ಟರನ್ನು ಬ್ರಿಡ್ಜ್ ಮಾಡಿ, ಸರಿಹೋಗುತ್ತದೆ.’ ಕಂಪ್ಯೂಟರ್ ಕಲಿಯುವವರ ಗುಂಪುಗಳಲ್ಲಿ ಇಂಥ ಸಲಹೆ ಕೂಡಲೇ ಸಿಗುತ್ತದೆ. ಇದು ಸರಿಯೇ?

ಬಹುತೇಕ ಸಂದರ್ಭಗಳಲ್ಲಿ ಅಲ್ಲ. ವಿಂಡೋಸ್ ಫೈರ್‌ವಾಲ್ ಮೂಲ ಸೆಟ್ಟಿಂಗ್‌ನಲ್ಲಿ ಹೊರಗಿನಿಂದ ಬರುವ ಸಂಪರ್ಕವನ್ನು ತಡೆಯುತ್ತದೆ, ಒಳಗಿನಿಂದ ಹೋಗುವುದನ್ನು ಬಿಡುತ್ತದೆ. ವೆಬ್‌ಸೈಟ್ ತೆರೆಯುವುದು ಹೊರಗೆ ಹೋಗುವ ಕೆಲಸ. ಆದ್ದರಿಂದ ಫೈರ್‌ವಾಲ್ ಆಫ್ ಮಾಡಿದರೂ ನೆಟ್ ಬರುವುದಿಲ್ಲ, ಬೇರೆಯವರಿಗೆ ಬಾಗಿಲು ಮಾತ್ರ ತೆರೆದಿರುತ್ತದೆ.

ವರ್ಚುವಲ್ ಮಷಿನ್ ಎಂದರೆ ನಿಮ್ಮ ಲ್ಯಾಪ್‌ಟಾಪ್‌ನೊಳಗೆ ಸಾಫ್ಟ್‌ವೇರ್ ಮೂಲಕ ಓಡುವ ಇನ್ನೊಂದು ಕಂಪ್ಯೂಟರ್. ಅದರ ನೆಟ್‌ವರ್ಕ್ ಕಾರ್ಡ್, ಕೇಬಲ್ ಎಲ್ಲವೂ ಸಾಫ್ಟ್‌ವೇರೇ. ಹಾಗಾಗಿ ಮೊದಲು ಲ್ಯಾಪ್‌ಟಾಪ್‌ನಲ್ಲೇ ನೆಟ್ ಇದೆಯೇ ನೋಡಿ. ಇದ್ದರೆ, ಮಷಿನ್‌ನೊಳಗೆ ಅದರ ಐಪಿ ವಿಳಾಸ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಹೆಚ್ಚು ಜನ ಬಳಸುವ ವರ್ಚುವಲ್‌ಬಾಕ್ಸ್ ಅನ್ನೇ ತೆಗೆದುಕೊಳ್ಳೋಣ. ಇದರ ಮೂಲ ಸೆಟ್ಟಿಂಗ್ ‘ನ್ಯಾಟ್’. ಇದರಲ್ಲಿ ಮಷಿನ್‌ಗೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ಸಿಗುತ್ತದೆ. ಎರಡು ಮಷಿನ್‌ಗಳಿಗೂ ಇದೇ ವಿಳಾಸ ಕಂಡು ಗಾಬರಿಯಾಗುವವರಿದ್ದಾರೆ. ಅದು ತಪ್ಪಲ್ಲ, ಪ್ರತಿಯೊಂದಕ್ಕೂ ಬೇರೆಯದೇ ಖಾಸಗಿ ಜಾಲ ಇರುತ್ತದೆ. ಆದರೆ ಅದೇ ಕಾರಣಕ್ಕೆ ಅವೆರಡೂ ಒಂದಕ್ಕೊಂದು ಮಾತಾಡಲಾರವು.

ವಿಳಾಸ 192.168.56 ಎಂದು ಶುರುವಾದರೆ ನೀವು ‘ಹೋಸ್ಟ್ ಓನ್ಲಿ’ ಆಯ್ಕೆಯಲ್ಲಿರುವ ಸಾಧ್ಯತೆ ಹೆಚ್ಚು. ಅದು ಲ್ಯಾಪ್‌ಟಾಪ್ ಮತ್ತು ಮಷಿನ್ ನಡುವಿನ ಜಾಲ, ಅದರಲ್ಲಿ ಇಂಟರ್‌ನೆಟ್ ಇರುವುದೇ ಇಲ್ಲ. 169.254 ಎಂದು ಶುರುವಾದರೆ ಮಷಿನ್ ವಿಳಾಸ ಕೇಳಿದೆ, ಕೊಡುವವರು ಯಾರೂ ಸಿಕ್ಕಿಲ್ಲ. ಬ್ರಿಡ್ಜ್ ಆಯ್ಕೆಯಲ್ಲಿ ಇದು ಸಾಮಾನ್ಯ: ನೀವು ಇರುವುದು ವೈಫೈನಲ್ಲಿ, ಬ್ರಿಡ್ಜ್ ಆಗಿರುವುದು ಖಾಲಿ ಬಿದ್ದಿರುವ ಕೇಬಲ್ ಪೋರ್ಟ್‌ಗೆ. ವಿಳಾಸವೇ ಇಲ್ಲವೆಂದರೆ ಸೆಟ್ಟಿಂಗ್‌ನಲ್ಲಿ ‘ಕೇಬಲ್ ಕನೆಕ್ಟೆಡ್’ ಎಂಬಲ್ಲಿ ಟಿಕ್ ಇದೆಯೇ ನೋಡಿ.

ವಿಳಾಸ ಸರಿಯಿದೆ, ಆದರೂ ಸೈಟ್ ತೆರೆಯುತ್ತಿಲ್ಲವೇ? 8.8.8.8ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ದಾರಿ ಸರಿಯಿದೆ, ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೆಟ್ಟಿದೆ. ಮನೆಯಿಂದ ಕಾಲೇಜಿಗೆ ಹೋಗಿ ಲ್ಯಾಪ್‌ಟಾಪ್ ವೈಫೈ ಬದಲಿಸಿದಾಗ ಮಷಿನ್ ಹಳೆಯ ಡಿಎನ್‌ಎಸ್ ಅನ್ನೇ ಹಿಡಿದುಕೊಂಡಿರಬಹುದು. ಮಷಿನ್ ರೀಸ್ಟಾರ್ಟ್ ಮಾಡಿದರೆ ಸಾಕು. ಹಳೆಯ ಸ್ನ್ಯಾಪ್‌ಶಾಟ್‌ನಿಂದ ತೆರೆದಿದ್ದರೆ ಮಷಿನ್‌ನ ಗಡಿಯಾರವನ್ನೂ ನೋಡಿ. ದಿನಾಂಕ ಹಿಂದಿದ್ದರೆ ಸೈಟ್‌ಗಳ ಭದ್ರತಾ ಪ್ರಮಾಣಪತ್ರ ತಿರಸ್ಕೃತವಾಗುತ್ತದೆ, ನೋಡುವವರಿಗೆ ನೆಟ್ ಇಲ್ಲವೆಂದೇ ಅನಿಸುತ್ತದೆ.

ಇನ್ನು ಬ್ರಿಡ್ಜ್ ಸಲಹೆ. ಇದರಿಂದ ಮಷಿನ್ ನಿಮ್ಮ ವೈಫೈನಲ್ಲಿ ಪ್ರತ್ಯೇಕ ಸಾಧನವಾಗುತ್ತದೆ, ಅದೇ ವೈಫೈನಲ್ಲಿರುವ ಬೇರೆಯವರೂ ಅದನ್ನು ತಟ್ಟಬಹುದು. ಸೈಬರ್ ಭದ್ರತೆ ಕಲಿಯುವವರು ಬಳಸುವ ‘ಮೆಟಾಸ್ಪ್ಲಾಯ್ಟಬಲ್’ನಂಥ ಮಷಿನ್‌ಗಳಲ್ಲಿ ದೋಷಗಳನ್ನು ಬೇಕೆಂದೇ ಇಟ್ಟಿರುತ್ತಾರೆ. ಅಂಥದ್ದನ್ನು ಹಾಸ್ಟೆಲ್ ವೈಫೈಗೆ ಬ್ರಿಡ್ಜ್ ಮಾಡುವುದು ಅಪಾಯ, ಅದಕ್ಕೆ ಹೋಸ್ಟ್ ಓನ್ಲಿ ಆಯ್ಕೆಯೇ ತಕ್ಕದ್ದು.

ಫೈರ್‌ವಾಲ್ ನಿಜಕ್ಕೂ ಅಡ್ಡ ಬರುವುದು ಬೇರೆ ಕಡೆ: ಮಷಿನ್‌ನೊಳಗೆ ನಡೆಸುತ್ತಿರುವ ಸರ್ವರನ್ನು ಹೊರಗಿನಿಂದ ತೆರೆಯಲು ಹೋದಾಗ. ಆಗಲೂ ಬೇಕಾದ ಒಂದು ಪೋರ್ಟ್‌ಗೆ ಮಾತ್ರ ಅನುಮತಿ ಕೊಡಿ. ನ್ಯಾಟ್‌ನಲ್ಲಿದ್ದರೆ ವರ್ಚುವಲ್‌ಬಾಕ್ಸ್‌ನ ‘ಪೋರ್ಟ್ ಫಾರ್ವರ್ಡಿಂಗ್’ನಲ್ಲೂ ಅದೇ ಪೋರ್ಟನ್ನು ಸೇರಿಸಬೇಕು, ಇಲ್ಲದಿದ್ದರೆ ಫೈರ್‌ವಾಲ್ ಪೂರ್ತಿ ಆಫ್ ಆಗಿದ್ದರೂ ಸರ್ವರ್ ಸಿಗುವುದಿಲ್ಲ.