ಕ್ಲಿಕ್ಕಿನ ದಲಾಲಿ

ದಾವಣಗೆರೆಯಲ್ಲಿ ಕಾರ್ಯಕ್ರಮ ಮುಗಿಸಿ ಕಾರು ಹತ್ತುತ್ತಿದ್ದೆ. ಚನ್ನಗಿರಿ ಕಡೆಯ ಒಬ್ಬ ತಾಯಿ ಹತ್ತಿರ ಬಂದರು. "ಸರ್, ನಿಮ್ಮನ್ನ ದಿನಾ ಟಿವೀಲಿ ನೋಡ್ತೀವಿ. ನನ್ನ ಮಗ ಬಿ.ಇ. ಕೊನೇ ವರ್ಷ. ಗೂಗಲ್‌ನಲ್ಲಿ ಜಾಹೀರಾತು ಹಾಕಿ, ಬೇರೆಯವರ ಸಾಮಾನು ಮಾರಿಸಿ, ಕಮಿಷನ್ ತಗೋತೀನಿ ಅಂತಾನೆ. ಅದನ್ನ ಕಲಿಸೋಕೆ 25,000 ರೂಪಾಯಿ ಕೋರ್ಸ್ ಇದೆಯಂತೆ. ಇದು ನಿಜಾನಾ ಸರ್, ಸುಳ್ಳಾ?"

ಸುಳ್ಳಲ್ಲ. ಹಾಗೆ ದುಡ್ಡು ಮಾಡಿದವರು ಇದ್ದರು. ಆದರೆ ಯಾವಾಗ? ಯಾರು? ಆಮೇಲೆ ಆ ದುಡ್ಡು ಎಲ್ಲಿಗೆ ಹೋಯಿತು? ಕಾರಿನ ಬಾಗಿಲು ಹಿಡಿದುಕೊಂಡು ಎರಡು ಮಾತಲ್ಲಿ ಹೇಳುವ ವಿಷಯ ಅಲ್ಲ ಇದು. ಹಾಗಾಗಿ ವೀಕ್ಷಕರೇ, ಇವತ್ತು ನಿಮ್ಮ ಮುಂದೆ ಆ ಇತಿಹಾಸ.

ಕಮಿಷನ್ ಭಾಗ ಮೊದಲು. 1996ರ ಜುಲೈನಲ್ಲಿ ಅಮೆರಿಕದ ಅಮೆಜಾನ್ ಒಂದು ಯೋಜನೆ ಶುರು ಮಾಡಿತು. ಆಗ ಅದು ಬರೀ ಪುಸ್ತಕದ ಅಂಗಡಿ. ನಿಮ್ಮದೊಂದು ವೆಬ್‌ಸೈಟ್ ಇದ್ದರೆ ಅದರಲ್ಲಿ ನಮ್ಮ ಪುಸ್ತಕಕ್ಕೆ ಒಂದು ಲಿಂಕ್ ಹಾಕಿ, ಅದರ ಮೂಲಕ ಬಂದವರು ಕೊಂಡರೆ ನಿಮಗಿಷ್ಟು ಪಾಲು. ಇದೇ ಅಫಿಲಿಯೇಟ್. ಹೊಸದೇನಲ್ಲ, ಗಿರಾಕಿ ಕರೆತಂದವನಿಗೆ ದಲಾಲಿ ಕೊಡುವುದು ನಮ್ಮ ಸಂತೆಯಷ್ಟು ಹಳೇ ಪದ್ಧತಿ.

ಎರಡನೇ ಭಾಗಕ್ಕೆ ಇನ್ನೂ ಒಂದೂವರೆ ವರ್ಷ ಕಾಯಬೇಕು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಲ್ಲಿ ಬಿಲ್ ಗ್ರಾಸ್ ಅಂತ ಒಬ್ಬ ಉದ್ಯಮಿ. 1998ರ ಫೆಬ್ರುವರಿಯಲ್ಲಿ ಟೆಡ್ ಸಮ್ಮೇಳನದ ವೇದಿಕೆ ಹತ್ತಿ ತನ್ನ ಹೊಸ ಸರ್ಚ್ ಎಂಜಿನ್ ತೋರಿಸಿದ. ಹೆಸರು ಗೋಟು ಡಾಟ್ ಕಾಮ್. ಅದರಲ್ಲಿ ಹುಡುಕಾಟದ ಪದಗಳೇ ಹರಾಜಿಗೆ! 'ಹೂವು' ಅಂತ ಯಾರಾದರೂ ಹುಡುಕಿದರೆ, ಆ ಪದಕ್ಕೆ ಹೆಚ್ಚು ದರ ಕೂಗಿದ ಅಂಗಡಿ ಮೇಲೆ. ಆದರೆ ಕಾಣಿಸಿಕೊಂಡಿದ್ದಕ್ಕೆ ದುಡ್ಡಿಲ್ಲ, ಯಾರಾದರೂ ಕ್ಲಿಕ್ ಮಾಡಿದರೆ ಮಾತ್ರ. ದರ ಒಂದು ಸೆಂಟ್‌ನಿಂದ ಶುರು. ಯಾವ ಅಂಗಡಿ ಎಷ್ಟು ಕೊಡುತ್ತಿದೆ ಅನ್ನೋದನ್ನೂ ಪಕ್ಕದಲ್ಲೇ ಬರೆದಿರುತ್ತಿದ್ದರು. ದುಡ್ಡು ಕೊಟ್ಟವರನ್ನು ಮೇಲೆ ತೋರಿಸೋದಾ ಅಂತ ಬಹಳ ಜನ ಮೂಗು ಮುರಿದರು.

ಆ ಮೂಗು ಮುರಿದವರ ಪೈಕಿಯೇ ಇದ್ದರು ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್. ಜಾಹೀರಾತು ನಂಬಿದ ಸರ್ಚ್ ಎಂಜಿನ್ ಗ್ರಾಹಕನ ಪರ ಇರೋದಿಲ್ಲ, ಜಾಹೀರಾತುದಾರನ ಪರ ವಾಲುತ್ತೆ ಅಂತ ಅದೇ 1998ರ ತಮ್ಮ ಪ್ರಬಂಧದಲ್ಲಿ ಬರೆದಿದ್ದಾರೆ. ಎರಡೇ ವರ್ಷ. 2000ದ ಅಕ್ಟೋಬರ್‌ನಲ್ಲಿ ಅವರದೇ ಗೂಗಲ್ 350 ಜಾಹೀರಾತುದಾರರೊಂದಿಗೆ ಆಡ್‌ವರ್ಡ್ಸ್ ಶುರು ಮಾಡಿತು! ಮೊದಲು ಅದು ಎಷ್ಟು ಸಲ ಕಾಣಿಸಿತು ಅನ್ನೋ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಿತ್ತು. 2002ರ ಫೆಬ್ರುವರಿಯಲ್ಲಿ ಕ್ಲಿಕ್ಕಿನ ಹರಾಜಿಗೆ ಬಂತು. ಗೋಟು ಅಷ್ಟರಲ್ಲಿ ಓವರ್ಚರ್ ಅಂತ ಹೆಸರು ಬದಲಿಸಿಕೊಂಡಿತ್ತು. ಇದು ನಮ್ಮ ಪೇಟೆಂಟ್ ಅಂತ ಕೋರ್ಟಿಗೆ ಹೋಯಿತು. 2003ರಲ್ಲಿ ಯಾಹೂ ಓವರ್ಚರ್ ಅನ್ನು ಕೊಂಡುಕೊಂಡಿತು. 2004ರ ಆಗಸ್ಟ್‌ನಲ್ಲಿ, ತನ್ನ ಷೇರು ಮಾರುಕಟ್ಟೆಗೆ ಬರುವ ಕೆಲವೇ ದಿನ ಮುಂಚೆ, ಗೂಗಲ್ 27 ಲಕ್ಷ ಷೇರುಗಳನ್ನು ಯಾಹೂಗೆ ಕೊಟ್ಟು ಕೇಸು ಮುಗಿಸಿಕೊಂಡಿತು.

ಆದರೆ ಗೂಗಲ್ ಮಾಡಿದ್ದು ಬರೀ ನಕಲು ಅಲ್ಲ, ಅದನ್ನ ಒಪ್ಪಿಕೊಳ್ಳಬೇಕು. ಅವರ ಹರಾಜಿನಲ್ಲಿ ಹೆಚ್ಚು ಕೂಗಿದವನೇ ಗೆಲ್ಲಬೇಕು ಅಂತೇನಿಲ್ಲ. ರೂಪಾಯಿಯಲ್ಲೇ ಹೇಳ್ತೀನಿ. ನೀವು ಕ್ಲಿಕ್ಕಿಗೆ 4 ರೂಪಾಯಿ ಕೂಗಿದಿರಿ, ನಿಮ್ಮ ಜಾಹೀರಾತು ನೋಡಿದ ನೂರರಲ್ಲಿ ಒಬ್ಬ ಕ್ಲಿಕ್ ಮಾಡ್ತಾನೆ. ನಾನು 1 ರೂಪಾಯಿ ಕೂಗಿದೆ, ನೂರರಲ್ಲಿ ಹತ್ತು ಜನ ಕ್ಲಿಕ್ ಮಾಡ್ತಾರೆ. ನೂರು ಸಲ ತೋರಿಸಿದರೆ ನಿಮ್ಮಿಂದ 4 ರೂಪಾಯಿ, ನನ್ನಿಂದ 10. ಹಾಗಾಗಿ ನಾನು ಮೇಲೆ. ಅದರ ಜೊತೆಗೆ, ಗೆದ್ದವನು ತಾನು ಕೂಗಿದಷ್ಟು ಕೊಡಬೇಕಿಲ್ಲ, ಕೆಳಗಿನವನನ್ನು ಹಿಂದಿಕ್ಕಲು ಎಷ್ಟು ಬೇಕೋ ಅಷ್ಟು ಕೊಟ್ಟರೆ ಸಾಕು. ಈ ಎರಡನೇ ಬೆಲೆಯ ಹರಾಜಿನ ಬಗ್ಗೆ 1961ರಲ್ಲೇ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ ಬರೆದಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು, ಮೂರು ದಿನಕ್ಕೆ ತೀರಿಕೊಂಡರು. ಗೂಗಲ್‌ನದ್ದು ಅವರ ಹರಾಜಿನ ತದ್ರೂಪ ಅಲ್ಲ, ಆದರೆ ಅದೇ ಜಾತಿ.

ಈಗ ನಮ್ಮ ದಲಾಲಿ ಅಖಾಡಕ್ಕೆ ಬರ್ತಾನೆ. ಅಮೆಜಾನ್‌ನಂಥ ಅಂಗಡಿಯ ಲಿಂಕ್ ಒಂದು ಕೈಯಲ್ಲಿ, ಕ್ಲಿಕ್ಕಿನ ಹರಾಜು ಇನ್ನೊಂದು ಕೈಯಲ್ಲಿ. ಸ್ವಂತ ವೆಬ್‌ಸೈಟೂ ಬೇಡ! ಲೆಕ್ಕ ಹೀಗೆ: ಕ್ಲಿಕ್ಕಿಗೆ 10 ಸೆಂಟ್, ನೂರು ಕ್ಲಿಕ್ಕಿಗೆ 10 ಡಾಲರ್. ನೂರರಲ್ಲಿ ಇಬ್ಬರು ಕೊಂಡರು, ಒಬ್ಬರಿಗೆ 8 ಡಾಲರ್ ಕಮಿಷನ್ ಅಂದರೆ 16 ಡಾಲರ್. ಮಲಗಿದ್ದಾಗಲೂ 6 ಡಾಲರ್ ಉಳಿಯಿತು. 2002ರಿಂದ ಮೂರು ನಾಲ್ಕು ವರ್ಷ, ಅಮೆರಿಕ ಮತ್ತು ಯುರೋಪಿನಲ್ಲಿ ಎಷ್ಟೋ ಜನ ಕೆಲಸ ಬಿಟ್ಟು ಇದನ್ನೇ ಮಾಡಿದರು. ಇವತ್ತು ಕೋರ್ಸ್ ಮಾರುವವರು ತೋರಿಸೋದು ಈ ಲೆಕ್ಕವನ್ನೇ.

ಅವರು ತೋರಿಸದ ಲೆಕ್ಕ ಒಂದಿದೆ. ಆ 6 ಡಾಲರ್ ನಿಮಗೆ ಕಂಡಂತೆ ಪಕ್ಕದ ದಲಾಲಿಗೂ ಕಾಣುತ್ತೆ. ಅವನು 12 ಸೆಂಟ್ ಕೂಗ್ತಾನೆ. ನೀವು 13. ಇನ್ನೊಬ್ಬ 15. ಸಾಮಾನು ಅದೇ, ಅಂಗಡಿ ಅದೇ, ಕಮಿಷನ್ ಅದೇ. ಏರುವುದು ಕ್ಲಿಕ್ಕಿನ ದರ ಒಂದೇ. ಹೀಗೆ 6 ಡಾಲರ್ ಸೆಂಟ್ ಸೆಂಟಾಗಿ ಕರಗಿ ಹರಾಜುಕಟ್ಟೆಯ ಪೆಟ್ಟಿಗೆಗೆ ಹೋಗುತ್ತೆ. ಇದರಲ್ಲಿ ಮೋಸ ಇಲ್ಲ. ಹರಾಜು ಕೆಲಸ ಮಾಡೋದೇ ಹಾಗೆ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. 2008, ನಾನು ಆರನೇ ಸೆಮಿಸ್ಟರ್. ಹುಬ್ಬಳ್ಳಿಯ ಕಾಕಾನ ಕ್ರೆಡಿಟ್ ಕಾರ್ಡ್ ನಂಬರ್ ಕೇಳಿ ತಗೊಂಡೆ. ವಿದೇಶದ ಒಂದು ಅಂಗಡಿಯ ಡಿಜಿಟಲ್ ಕ್ಯಾಮೆರಾಗಳಿಗೆ ಜಾಹೀರಾತು ಹಾಕಿದೆ. ಕೀವರ್ಡ್ 'ಕ್ಯಾಮೆರಾ'. ಅದೊಂದೇ ಪದ! ಕ್ಯಾಮೆರಾ ರಿಪೇರಿ ಹುಡುಕಿದವರು, ಬ್ಯಾಟರಿ ಹುಡುಕಿದವರು, ಕ್ಯಾಮೆರಾ ಕಂಡುಹಿಡಿದವರು ಯಾರು ಅಂತ ಹೋಮ್‌ವರ್ಕ್ ಮಾಡ್ತಿದ್ದ ಮಕ್ಕಳು, ಎಲ್ಲರೂ ಬಂದು ಕ್ಲಿಕ್ ಮಾಡಿದರು. ನಾಲ್ಕು ದಿನಕ್ಕೆ 9,400 ರೂಪಾಯಿ ಹೋಯಿತು. ಬಂದ ಕಮಿಷನ್ 11 ಡಾಲರ್, ಅದೂ ಚೆಕ್ ಕಳಿಸುವ ಕನಿಷ್ಠ ಮೊತ್ತ ಮುಟ್ಟಲಿಲ್ಲ. ತಪ್ಪು ಪೂರ್ತಿ ನನ್ನದೇ. ಕಾಕಾ ಬೈಯಲಿಲ್ಲ. "ಮಾಲು ನಿಂದಲ್ಲ, ಗಿರಾಕಿ ನಿನ್ನವ ಅಲ್ಲ. ನಡುವ ನೀ ಏನ್ ಮಾಡ್ತಿದ್ದಿ ತಮ್ಮಾ?" ಅಂದರು ಅಷ್ಟೇ.

ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ, ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ದಲಾಲಿ ಅಂದರೆ ಸುಮ್ಮನೆ ಅಲ್ಲ ಅಂತ ಅವರು ಬಿಡಿಸಿ ಹೇಳಿದರು. ರೈತನಿಗೆ ಮುಂಗಡ ಕೊಡಬೇಕು, ಚೀಲ ಇಳಿಸಿಕೊಳ್ಳಲು ಜಾಗ ಬೇಕು, ಖರೀದಿದಾರ ದುಡ್ಡು ತಡ ಮಾಡಿದರೂ ರೈತನಿಗೆ ತಾನು ಕೊಡಬೇಕು. ನನ್ನ ಹತ್ತಿರ ಇದ್ದಿದ್ದು ಮೂರು ಸಾಲಿನ ಜಾಹೀರಾತು.

ಗೂಗಲ್ ಕೂಡ ಹೆಚ್ಚುಕಡಿಮೆ ಅದೇ ಪ್ರಶ್ನೆ ಕೇಳತೊಡಗಿತ್ತು. 2005ರ ಜನವರಿಯಲ್ಲಿ ಹೊಸ ನಿಯಮ ತಂದಿತು: ಒಂದು ಹುಡುಕಾಟಕ್ಕೆ, ಒಂದೇ ವಿಳಾಸದ ಒಂದೇ ಜಾಹೀರಾತು. ಹತ್ತು ದಲಾಲಿಗಳು ಒಂದೇ ಅಂಗಡಿಯ ವಿಳಾಸ ಹಿಡಿದು ಸಾಲಾಗಿ ನಿಲ್ಲುವುದು ಅಲ್ಲಿಗೆ ಮುಗಿಯಿತು. ಅದೇ ವರ್ಷದ ಕೊನೆಗೆ, ಕ್ಲಿಕ್ ಮಾಡಿದವನು ತಲುಪುವ ಪುಟದಲ್ಲಿ ಏನಿದೆ ಅಂತಲೂ ನೋಡತೊಡಗಿತು. 2006ರ ಜುಲೈನಲ್ಲಿ ಅನೇಕರಿಗೆ ಬೆಳಗ್ಗೆ ಎದ್ದಾಗ ಹತ್ತು ಸೆಂಟಿನ ಕ್ಲಿಕ್ಕಿಗೆ ಕನಿಷ್ಠ 5 ಡಾಲರ್, 10 ಡಾಲರ್ ಅಂತ ತೋರಿಸುತ್ತಿತ್ತು. ಆ ಧಂದೆಯವರು ಇದನ್ನು ಗೂಗಲ್‌ನ ಕಪಾಳಮೋಕ್ಷ ಅಂತಲೇ ಕರೆದರು.

ಅಂಗಡಿಗಳೂ ಲೆಕ್ಕ ಹಾಕಿದವು. ಕೆಲವು ದಲಾಲಿಗಳು ಅಂಗಡಿಯ ಹೆಸರಿಗೇ ಬಿಡ್ ಹಾಕುತ್ತಿದ್ದರು. ಅಂಗಡಿ ಹೆಸರು ಬರೆದು ಹುಡುಕುವವನು ಹೇಗೂ ಅಲ್ಲಿಗೇ ಹೊರಟವನು. ಬಾಗಿಲಲ್ಲಿ ನಿಂತು ಅವನ ಕೈಹಿಡಿದು ಒಳಗೆ ಬಿಟ್ಟು, ನಾನೇ ಕರೆತಂದೆ ಅಂದರೆ? 2009ರ ಮೇ 1ರಿಂದ ಅಮೆಜಾನ್ ತನ್ನ ಅಮೆರಿಕ ಮತ್ತು ಕೆನಡಾ ಸೈಟುಗಳಲ್ಲಿ, ಸರ್ಚ್ ಜಾಹೀರಾತು ಕೊಂಡು ನೇರ ಕಳಿಸಿದ ಗಿರಾಕಿಗೆ ಕಮಿಷನ್ ಇಲ್ಲ ಅಂದುಬಿಟ್ಟಿತು. 2012ರಲ್ಲಿ ಇಬೇ ಕಂಪನಿಯ ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದರು. ಯಾಹೂ ಮತ್ತು ಮೈಕ್ರೋಸಾಫ್ಟ್ ಸರ್ಚ್‌ನಲ್ಲಿ ತಮ್ಮದೇ ಹೆಸರಿನ ಪದಗಳಿಗೆ ಜಾಹೀರಾತು ನಿಲ್ಲಿಸಿದರು. ಆ ಜಾಹೀರಾತಿನ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು, ಕೆಳಗಿನ ಪುಕ್ಕಟೆ ಲಿಂಕಿನಿಂದ ಹಾಗೇ ಬಂದವು!

ಈ ಇತಿಹಾಸದಲ್ಲಿ ಭಾರತ ಮೊದಲು ಕಾಣಿಸಿಕೊಂಡ ರೀತಿ ಹೆಮ್ಮೆಯದ್ದಲ್ಲ. 2004ರ ಮೇನಲ್ಲೇ ನಮ್ಮ ದೇಶದ ಒಂದು ಇಂಗ್ಲಿಷ್ ಪತ್ರಿಕೆ ವರದಿ ಮಾಡಿತ್ತು: ಗೃಹಿಣಿಯರು, ವಿದ್ಯಾರ್ಥಿಗಳು ಮನೆಯಲ್ಲಿ ಕೂತು ದುಡ್ಡಿಗಾಗಿ ಜಾಹೀರಾತು ಕ್ಲಿಕ್ ಮಾಡುತ್ತಿದ್ದಾರೆ ಅಂತ. ಆ ಸುಳ್ಳು ಕ್ಲಿಕ್ಕಿನ ಬಿಲ್ಲು ಎಲ್ಲೋ ಒಬ್ಬ ಜಾಹೀರಾತುದಾರನಿಗೆ. ಇಂಥ ಕ್ಲಿಕ್ಕುಗಳ ಬಗ್ಗೆ ಅಮೆರಿಕದ ಜಾಹೀರಾತುದಾರರು ಹಾಕಿದ ಕೇಸನ್ನು ಗೂಗಲ್ 2006ರಲ್ಲಿ 9 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಸಿತು.

ಹಾಗಾದರೆ ಈಗ ಯಾರಿಗೂ ದುಡ್ಡು ಬರೋದಿಲ್ವಾ? ಬರುತ್ತೆ. ವಿಮೆ, ಸಾಲ, ಹೋಟೆಲ್ ದರ ಹೋಲಿಸಿ ತೋರಿಸುವ ದೊಡ್ಡ ಕಂಪನಿಗಳು ಮಾಡುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ಅವರಿಗೆ ಸ್ವಂತ ಸೈಟ್ ಇದೆ, ಲೆಕ್ಕ ಇಡುವ ಎಂಜಿನಿಯರುಗಳಿದ್ದಾರೆ, ತಿಂಗಳುಗಟ್ಟಲೆ ನಷ್ಟ ತಡೆಯುವ ದುಡ್ಡಿದೆ. ಒಂದು ವಿಷಯ ನಿಜವಾಗಿ ತಿಳಿದು, ಅದರ ಬಗ್ಗೆ ಬರೆದು, ಜೊತೆಗೆ ಲಿಂಕ್ ಹಾಕುವವರೂ ಸ್ವಲ್ಪ ಗಳಿಸುತ್ತಾರೆ. ಇನ್ನು ಕೋರ್ಸುಗಳ ಕಥೆ. ಸೇರಿದ ಮೇಲೆ ಎಷ್ಟೋ ಕಡೆ ಮೊದಲು ಮಾರಿಸೋದು ಅದೇ ಕೋರ್ಸನ್ನು. ಕಮಿಷನ್ ಬರೋದು ಹಿಂದೆ ಸೇರಿದ ಹುಡುಗನ ಫೀಸಿನಿಂದ.

ಅವತ್ತು ಇಷ್ಟೆಲ್ಲ ಹೇಳಲಿಲ್ಲ. "ನಿಮ್ಮ ಮಗನಿಗೆ ಚೆನ್ನಾಗಿ ಗೊತ್ತಿರೋ ವಿಷಯ ಏನಮ್ಮಾ?" ಅಂದೆ. "ಅಡಿಕೆ ಸುಲಿಯೋ ಮಷಿನ್ ಸರ್. ನಮ್ಮನೇದು, ಅಕ್ಕಪಕ್ಕದ ತೋಟದವರದ್ದು, ಕೆಟ್ಟರೆ ಅವನೇ ಬಿಚ್ಚಿ ಜೋಡಿಸ್ತಾನೆ." ಹಾಗಾದರೆ ಅದರ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡಲಿ, ಬರೆಯಲಿ, ಅದಕ್ಕೆ ಖರ್ಚಿಲ್ಲ, ಕೋರ್ಸಿನ ದುಡ್ಡು ಮಾತ್ರ ಕಟ್ಟಬೇಡಿ ಅಂದೆ.

ಅವರು ಸೆರಗು ಸರಿಮಾಡಿಕೊಂಡರು. "ಮೊನ್ನೇನೇ ಕಟ್ಟಿಬಿಟ್ವಿ ಸರ್."

ರಸೀದಿ ಕೊಟ್ಟಿದಾರಾ ಅಂತ ಕೇಳಿದೆ. ಮಗನ ವಾಟ್ಸಾಪ್‌ಗೆ ಏನೋ ಬಂದಿದೆ ಅಂದರು. ನನ್ನ ನಂಬರ್ ಬರೆದುಕೊಟ್ಟು, ಅದನ್ನು ಕಳಿಸೋಕೆ ಹೇಳಿ ಬಂದಿದ್ದೇನೆ.