ಕ್ರಿ. ಶ. 1761: ಒಂದು ವರ್ಷದ ಇತಿಹಾಸ

ಇತಿಹಾಸವನ್ನು ರಾಜವಂಶಗಳ ಅನುಕ್ರಮದಲ್ಲಿ ಅಭ್ಯಾಸಮಾಡುವುದು ನಮ್ಮ ಕಾಲೇಜುಗಳಲ್ಲಿ ರೂಢಿಯಾದ ಕ್ರಮ. ಇದಕ್ಕೆ ಬದಲಾಗಿ ಒಂದೇ ವರ್ಷವನ್ನು ಆಯ್ದುಕೊಂಡು, ಆ ವರ್ಷದಲ್ಲಿ ನಾನಾ ಕಡೆ ನಡೆದುದನ್ನು ಒಟ್ಟಿಗೆ ಇಟ್ಟು ನೋಡಿದರೆ, ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿಹೋದ ಸಂಗತಿಗಳು ಪರಸ್ಪರ ಸಂಬಂಧವನ್ನು ತೋರುತ್ತವೆ. ಈ ಕ್ರಮದಲ್ಲಿ ಒಂದು ಅಪಾಯವೂ ಉಂಟು. ಸಮಕಾಲೀನವಾದುವೆಂಬ ಮಾತ್ರಕ್ಕೆ ಎರಡು ಘಟನೆಗಳಿಗೆ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಸುಲಭ. ಇವೆರಡಕ್ಕೂ ಕ್ರಿ. ಶ. 1761 ಒಳ್ಳೆಯ ನಿದರ್ಶನ.

ಆ ವರ್ಷದ ಜನವರಿ 14ರಂದು ಪಾಣಿಪತದಲ್ಲಿ ಅಹಮದ್ ಷಾ ಅಬ್ದಾಲಿಯು ಮರಾಠರ ಮಹಾಸೇನೆಯನ್ನು ಮುರಿದನು. ಪೇಶ್ವೆ ಬಾಳಾಜಿ ಬಾಜೀರಾಯನ ಹಿರಿಯ ಮಗ ವಿಶ್ವಾಸರಾಯನೂ ದಾಯಾದಿ ಸೋದರ ಸದಾಶಿವರಾಯ ಭಾವೂ ಮಡಿದರು. ಇದಾದ ಎರಡೇ ದಿನಗಳಲ್ಲಿ, ದಕ್ಷಿಣದ ಕಡಲತೀರದಲ್ಲಿ, ಫ್ರೆಂಚರ ಪಾಂಡಿಚೇರಿಯು ಆಂಗ್ಲರ ಸೇನಾನಿ ಐರ್ ಕೂಟನ ವಶವಾಯಿತು. ಈ ಎರಡು ಪತನಗಳಿಗೆ ನೇರವಾದ ಸಂಬಂಧವಿಲ್ಲ. ಪಾಂಡಿಚೇರಿಯ ಗತಿಯು ಹಿಂದಿನ ವರ್ಷ ವಾಂಡಿವಾಷ್ ಕದನದಲ್ಲಿಯೇ ಬಹುಮಟ್ಟಿಗೆ ನಿಶ್ಚಿತವಾಗಿತ್ತು. ಆದರೆ ಎರಡರ ಪರಿಣಾಮಗಳೂ ಒಂದೆಡೆ ಸಂಧಿಸಿದುವು. ಆ ಸ್ಥಳವೇ ಮೈಸೂರು.

1760ರಲ್ಲಿ ಹೈದರಾಲಿಯು ತನ್ನ ಸೇನೆಯ ಉತ್ತಮ ಭಾಗವನ್ನು ಭಾವಮೈದುನ ಮಖ್ದೂಮ್ ಅಲಿಯ ನೇತೃತ್ವದಲ್ಲಿ ಫ್ರೆಂಚರ ನೆರವಿಗೆ ಕಳುಹಿಸಿದ್ದನು. ಆ ಸಮಯವನ್ನು ನೋಡಿ, ಒಂದು ಕಾಲದಲ್ಲಿ ಅವನ ಆಶ್ರಿತನೇ ಆಗಿದ್ದ ಖಂಡೇರಾಯನು ಅರಮನೆಯವರೊಡನೆ ಕೂಡಿ, ಮರಾಠ ಸರದಾರ ವಿಸಾಜಿ ಕೃಷ್ಣನ ಸಹಾಯವನ್ನು ಬೇಡಿ, ಅವನ ಮೇಲೆ ತಿರುಗಿಬಿದ್ದನು. ಹೈದರನು ಹೆಂಡಿರು ಮಕ್ಕಳನ್ನು ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು, ಕಾವೇರಿಯನ್ನು ದಾಟಿ ಬೆಂಗಳೂರಿಗೆ ಓಡಬೇಕಾಯಿತು. ಅನಂತರ ಮರಾಠರು ಹಣವನ್ನೂ ಬಾರಾಮಹಲಿನ ಪ್ರಾಂತವನ್ನು ಬಿಟ್ಟುಕೊಡುವ ಮಾತನ್ನೂ ಪಡೆದು, ನಿರೀಕ್ಷೆಗಿಂತ ಸುಲಭವಾಗಿ ಹಿಂದಿರುಗಿದರು. ಈ ಹಿಂದೆಗೆತಕ್ಕೆ ಪಾಣಿಪತದ ವಿಪತ್ತೇ ಕಾರಣವೆಂದು ಹೇಳುವ ವಾಡಿಕೆಯು ಮಾರ್ಕ್ ವಿಲ್ಕ್ಸನ ಕಾಲದಿಂದಲೂ ನಡೆದುಬಂದಿದೆ.

ಈ ವಾದದಲ್ಲಿ ಸತ್ಯವುಂಟು, ಆದರೆ ಪೂರ್ಣಸತ್ಯವಿಲ್ಲ. ಮರಾಠರು ತೆರಳಿದ ಮೇಲೆಯೂ ನಂಜನಗೂಡಿನ ಬಳಿಯ ಕದನದಲ್ಲಿ ಖಂಡೇರಾಯನೇ ಗೆದ್ದನೆಂಬುದನ್ನು ಮರೆಯಬಾರದು. ಸೋತ ಹೈದರನು, ತಾನೇ ಅಧಿಕಾರದಿಂದ ತಳ್ಳಿದ್ದ ನಂಜರಾಜಯ್ಯನ ಮೊರೆಹೊಕ್ಕನು. ಆ ಮೇಲೆ ಖಂಡೇರಾಯನ ಸೇನಾನಾಯಕರು ನಂಜರಾಜಯ್ಯನೊಡನೆ ಸೇರಿ ಅವನನ್ನು ಹಿಡಿದುಕೊಡಲು ಒಪ್ಪಿದ್ದಾರೆಂಬ ಭ್ರಮೆ ಹುಟ್ಟುವಂತೆ ಕೃತಕ ಪತ್ರಗಳನ್ನು ಬರೆಸಿ, ಅವು ಅವನ ಕೈಗೇ ಸಿಕ್ಕುವಂತೆ ಮಾಡಿದನು. ಖಂಡೇರಾಯನು ಬೆದರಿ ಪಾಳೆಯವನ್ನು ಬಿಟ್ಟೋಡಿದನು. 1761ರ ಮಧ್ಯಭಾಗದ ವೇಳೆಗೆ ರಾಜ್ಯದ ಆಡಳಿತವೆಲ್ಲ ಹೈದರನ ಕೈಸೇರಿತು; ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಮೂರು ಲಕ್ಷದ ಆದಾಯದ ಸೀಮೆಯೂ ದೊರೆಯೆಂಬ ಹೆಸರೂ ಉಳಿದುವು. ವರ್ಷ ಮುಗಿಯುವ ಮುನ್ನ ನಿಜಾಮನ ಸೋದರ ಬಸಾಲತ್ ಜಂಗನು, ಇನ್ನೂ ಮರಾಠರ ವಶದಲ್ಲಿದ್ದ ಸಿರಾದ ನವಾಬಗಿರಿಯನ್ನು ಹೈದರನಿಗೆ ಹಣಕ್ಕೆ ಮಾರಿದನು. ಪಾಣಿಪತವು ಅವಕಾಶವನ್ನು ಒದಗಿಸಿತು; ಅದನ್ನು ಬಳಸಿಕೊಂಡುದು ಹೈದರನ ಸ್ವಸಾಮರ್ಥ್ಯ.

ಪಾಣಿಪತದೊಡನೆ ಮರಾಠರ ಶಕ್ತಿಯೇ ಅಳಿಯಿತೆಂಬ ಮಾತನ್ನೂ ಇದೇ ಎಚ್ಚರದಿಂದ ನೋಡಬೇಕು. ಜೂನ್ 23ರಂದು ಬಾಳಾಜಿ ಬಾಜೀರಾಯನು ಪುಣೆಯಲ್ಲಿ ಮನೋವ್ಯಥೆಯಿಂದ ತೀರಿಕೊಂಡನು. ವರ್ಷಾಂತ್ಯದಲ್ಲಿ ಪೇಶ್ವೆಗಳ ಹಳೆಯ ವಿರೋಧಿಯಾದ ವೃದ್ಧ ತಾರಾಬಾಯಿಯೂ ಗತಿಸಿದಳು. ಆದರೆ ಹದಿನಾರರ ಹರೆಯದಲ್ಲಿ ಪಟ್ಟವೇರಿದ ಮಾಧವರಾಯನು ಮೂರೇ ವರ್ಷಗಳಲ್ಲಿ ಕರ್ಣಾಟಕಕ್ಕೆ ದಂಡೆತ್ತಿ ಬಂದು ಅದೇ ಹೈದರನನ್ನು ಸೋಲಿಸಿದನು. ಅಳಿದ ಶಕ್ತಿಗೆ ಇದು ಸಾಧ್ಯವಲ್ಲ.

ಪಾಂಡಿಚೇರಿಯ ಪತನವು ಯುದ್ಧದ ಸೋಂಕಿಲ್ಲದ ಒಬ್ಬ ವಿದ್ವಾಂಸನನ್ನೂ ತಟ್ಟಿತು. ಜೂನ್ 6ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದನ್ನು ಅಳೆದು ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಗಣಿಸಲು ಯೂರೋಪಿನ ಪಂಡಿತರು ಹಲವು ದೇಶಗಳಿಗೆ ತೆರಳಿದ್ದರು. ಅವರಲ್ಲೊಬ್ಬನಾದ ಫ್ರಾನ್ಸಿನ ಲ ಜಾಂತೀಯ್ ಪಾಂಡಿಚೇರಿಗೆ ಹೊರಟವನು, ಮಲಬಾರಿನ ತೀರದ ಬಳಿ ಅದು ಶತ್ರುವಶವಾದ ವಾರ್ತೆಯನ್ನು ಕೇಳಿ ಹಡಗಿನೊಡನೆ ಹಿಂದಿರುಗಬೇಕಾಯಿತು. ಗ್ರಹವನ್ನು ಅವನು ಕಂಡುದು ನಡುಗಡಲಿನಲ್ಲಿ. ಓಲಾಡುವ ಹಡಗಿನಿಂದ ನಿಷ್ಕೃಷ್ಟವಾದ ಗಣನೆಯು ಅಸಾಧ್ಯವಾಗಿತ್ತು. ಎಂಟು ವರ್ಷ ಪೂರ್ವದೇಶಗಳಲ್ಲಿಯೇ ಉಳಿದು, 1769ರ ಸಂಕ್ರಮಣಕ್ಕೆ ಪಾಂಡಿಚೇರಿಯಲ್ಲಿ ಸಿದ್ಧನಾಗಿ ಕುಳಿತರೆ, ಆಗ ಮೋಡ ಕವಿಯಿತು.

ಸಮಕಾಲೀನರು ಗಮನಿಸದೆ ಹೋದ ಸಂಗತಿಗಳೂ ಈ ವರ್ಷದಲ್ಲಿವೆ. ಏಪ್ರಿಲ್ 7ರಂದು ಇಂಗ್ಲೆಂಡಿನಲ್ಲಿ ಗತಿಸಿದ ಪಾದ್ರಿ ಥಾಮಸ್ ಬೇಯ್ಸನ ಸಂಭಾವ್ಯತಾ ಸಿದ್ಧಾಂತವು ಪ್ರಕಟವಾದುದು ಅವನ ಮರಣಾನಂತರ, 1763ರಲ್ಲಿ. ಆಗಸ್ಟ್ 17ರಂದು ಅದೇ ದೇಶದ ಒಂದು ಹಳ್ಳಿಯಲ್ಲಿ ನೇಯ್ಗೆಯವನೊಬ್ಬನ ಮನೆಯಲ್ಲಿ ವಿಲಿಯಂ ಕೇರಿ ಹುಟ್ಟಿದನು. ಮೊದಲು ಪಾದರಕ್ಷೆ ಹೊಲಿಯುತ್ತಿದ್ದ ಈತನೇ ಮುಂದೆ ಬಂಗಾಳದ ಶ್ರೀರಾಮಪುರದಲ್ಲಿ ನೆಲೆಸಿ, 1817ರಲ್ಲಿ ಕನ್ನಡ ಭಾಷೆಗೆ ಆಂಗ್ಲದಲ್ಲಿ ಒಂದು ವ್ಯಾಕರಣವನ್ನು ಅಚ್ಚು ಹಾಕಿಸಿದನು.

ಹೀಗೆ ಒಂದು ವರ್ಷದ ಸಂಗತಿಗಳು ಮೂರು ಬಗೆಯವು: ಒಂದನ್ನೊಂದು ಉಂಟುಮಾಡಿದುವು, ಕಾಲದಲ್ಲಿ ಮಾತ್ರ ಕೂಡಿದುವು, ಮುಂದೆ ಫಲಿಸಿದುವು. ತಾರೀಖುಗಳ ಪಟ್ಟಿಯು ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅವುಗಳನ್ನು ವಿಂಗಡಿಸುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ.